ಮೆಣಸಿನ ಸಾರಿಗೆ ಸೇಬು ಬಿದ್ದಾಗ: ಮುಲ್ಲಿಗಟಾನಿ ಸೂಪ್

ಚಿಕನ್ ಸೂಪಿಗೆ ಸೇಬು ಹಾಕ್ತೀನಿ ಅಂದಾಗ ನಮ್ಮ ಮನೆಯಲ್ಲಿ ಎಲ್ಲರೂ ಮುಖ ಕಿವುಚಿದರು. ಹಣ್ಣೇನಿದ್ದರೂ ಊಟ ಆದ ಮೇಲೆ ಅಲ್ವಾ? ಆದರೆ ಈ ಸೂಪು ದೂರದ್ದೇನಲ್ಲ. ತಮಿಳಿನ 'ಮಿಳಗು ತಣ್ಣಿ', ಅಂದರೆ ಮೆಣಸಿನ ನೀರು, ಇಂಗ್ಲಿಷರ ಬಾಯಲ್ಲಿ ಮುಲ್ಲಿಗಟಾನಿ ಆಯಿತು. ನಮ್ಮ ಮೆಣಸಿನ ಸಾರಿಗೆ ಹತ್ತಿರದ ನೆಂಟ. 18ನೇ ಶತಮಾನದ ಕೊನೆಯ ಹೊತ್ತಿಗೆ ಮದ್ರಾಸಿನ ಇಂಗ್ಲಿಷರ ಮೇಜಿಗೆ ಅದು ಬಂದಾಗಿತ್ತು. ಸಾರಿಗೆ ಕೋಳಿ ಬಿತ್ತು. ಕಡಲು ದಾಟಿದ ಮೇಲೆ ಸೇಬು, ಕೆನೆ ಸೇರಿದವು. ಬೆಂಗಳೂರು, ಕೆಜಿಎಫ್ ಕಡೆಯ ಆಂಗ್ಲೋ ಇಂಡಿಯನ್ ಮನೆಗಳಲ್ಲಿ 'ಪೆಪ್ಪರ್ ವಾಟರ್' ಅಂತ ಮಾಡುವುದು ಮಾತ್ರ ಇವತ್ತಿಗೂ ಹುಣಸೆಹಣ್ಣಿನ ತೆಳು ಸಾರನ್ನೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಹಣ್ಣು ಸಿಹಿಗಲ್ಲ, ಹುಳಿಗೆ. ಹುಣಸೆಯ ಕೆಲಸವನ್ನು ಸೇಬು ಮಾಡಬೇಕು. ಹಾಗಾಗಿ ಹುಳಿ ಇರುವ ಹಸಿರು ಸೇಬೇ ತನ್ನಿ. ಸಿಗಲಿಲ್ಲವೇ? ಅರ್ಧ ತೋತಾಪುರಿ ಮಾವಿನಕಾಯಿ ಹಾಕಿ, ನನಗಂತೂ ಅದೇ ಜಾಸ್ತಿ ಇಷ್ಟ. ಹಸಿ ಅನಾನಸ್ ಮಾತ್ರ ಬೇಡ. ಅದರ ರಸ ಹಾಲು, ಕೆನೆಯನ್ನು ಒಡೆಯುತ್ತದೆ, ಮಾಂಸವನ್ನೂ ಮೆತ್ತಗೆ ಮಾಡಿಬಿಡುತ್ತದೆ.

ನಾಲ್ಕು ಜನಕ್ಕೆ ಅರ್ಧ ಕೆಜಿ ಕೋಳಿ ಸಾಕು. ಮೂಳೆ ಇರಲಿ, ಚರ್ಮ ಬೇಡ. ಒಂದೂಕಾಲು ಲೀಟರ್ ನೀರು, ಹತ್ತು ಕಾಳುಮೆಣಸು, ಒಂದು ಪಲಾವ್ ಎಲೆ, ಉಪ್ಪು ಹಾಕಿ ಒಲೆಗಿಡಿ. ಮೇಲೆ ಬರುವ ಬೂದು ನೊರೆಯನ್ನು ಸೌಟಿನಲ್ಲಿ ತೆಗೆಯಿರಿ. ಆಮೇಲೆ ಉರಿ ತಗ್ಗಿಸಿ, 35 ನಿಮಿಷ ಬೇಯಲಿ. ಕುಕ್ಕರ್ ಬೇಡ, ಕೊತಕೊತ ಕುದಿಸಿದರೆ ನೀರು ಕದಡಿದಂತಾಗುತ್ತದೆ. ಮಾಂಸ ಬಿಡಿಸಿ ಎಳೆ ಎಳೆ ಮಾಡಿಟ್ಟುಕೊಳ್ಳಿ, ನೀರು ಸೋಸಿಡಿ.

ಇನ್ನೊಂದು ದಪ್ಪ ತಳದ ಪಾತ್ರೆಯಲ್ಲಿ ಎರಡು ಚಮಚ ಬೆಣ್ಣೆ. ಹೆಚ್ಚಿದ ಈರುಳ್ಳಿ ಒಂದು, ಕ್ಯಾರೆಟ್ ಒಂದು, ಬೆಳ್ಳುಳ್ಳಿ ನಾಲ್ಕು ಎಸಳು, ಶುಂಠಿ ಒಂದಿಂಚು. ಈರುಳ್ಳಿ ಮೆತ್ತಗಾದರೆ ಸಾಕು, ಕೆಂಪಾಗುವುದು ಬೇಡ. ಉರಿ ಸಣ್ಣಗೆ ಮಾಡಿ ಧನಿಯಾ ಪುಡಿ ಎರಡು ಟೀ ಚಮಚ, ಜೀರಿಗೆ ಪುಡಿ ಒಂದು, ಮೆಣಸಿನ ಪುಡಿ ಒಂದು (ಕಾಳುಮೆಣಸಿನದು, ಖಾರದ ಪುಡಿಯಲ್ಲ), ಚಿಟಿಕೆ ಅರಿಶಿನ ಹಾಕಿ. ಘಮ ಬಂದ ಕೂಡಲೇ ಮೂರು ಚಮಚ ತೊಳೆದ ಮಸೂರ್ ಬೇಳೆ ಮತ್ತು ಕೋಳಿಯ ನೀರು. ಸೂಪು ಗಟ್ಟಿಯಾಗಲು ಮೈದಾ ಹಾಕುವವರಿದ್ದಾರೆ. ಬೇಳೆ ಹಾಕಿದರೆ ರುಚಿಯೂ ಸಿಗುತ್ತೆ, ಗಂಟಿನ ಕಾಟವೂ ಇಲ್ಲ.

ಸೇಬನ್ನು ಈಗ ಹೆಚ್ಚಿ. ಮೊದಲೇ ಹೆಚ್ಚಿಟ್ಟರೆ ಕಪ್ಪಾಗುತ್ತೆ. ಸಿಪ್ಪೆ, ಬೀಜ ತೆಗೆದು ಮುಕ್ಕಾಲು ಭಾಗ ಪಾತ್ರೆಗೆ ಹಾಕಿ. ಉಳಿದದ್ದನ್ನು ಕಡಲೆಕಾಳಿನಷ್ಟು ಸಣ್ಣಗೆ ಹೆಚ್ಚಿ, ಒಂದೆರಡು ಹನಿ ನಿಂಬೆರಸ ಸವರಿ ಪಕ್ಕಕ್ಕಿಡಿ. ಬೇಳೆ ಕರಗುವವರೆಗೆ, ಸುಮಾರು 20 ನಿಮಿಷ, ಬೇಯಿಸಿ.

ಈಗ ಮಿಕ್ಸಿ. ಪೂರ್ತಿ ಆರಿಸಿಯೇ ರುಬ್ಬಿ. ಒಮ್ಮೆ ಅವಸರದಲ್ಲಿ ಬಿಸಿಬಿಸಿಯಾಗಿ ಜಾರಿಗೆ ಸುರಿದೆ. ಹಬೆಗೆ ಮುಚ್ಚಳ ಹಾರಿ ಗೋಡೆ, ಕ್ಯಾಲೆಂಡರ್, ನನ್ನ ಕನ್ನಡಕ ಎಲ್ಲಾ ಹಳದಿ. ಆ ತಿಂಗಳ ಅಮಾವಾಸ್ಯೆ ಯಾವತ್ತು ಅಂತ ಪಕ್ಕದ ಮನೆಗೆ ಹೋಗಿ ಕೇಳಬೇಕಾಯಿತು.

ರುಬ್ಬಿದ್ದನ್ನು ಮತ್ತೆ ಒಲೆಗಿಟ್ಟು, ಬಿಡಿಸಿದ ಮಾಂಸ ಹಾಕಿ ಒಂದು ಕುದಿ ಬರಿಸಿ. ಉರಿ ಪೂರಾ ತಗ್ಗಿಸಿ ಅರ್ಧ ಕಪ್ ಗಟ್ಟಿ ತೆಂಗಿನ ಹಾಲು ಬೆರೆಸಿ. ಫ್ರೆಶ್ ಕ್ರೀಮ್ ಆದರೂ ಆಗುತ್ತೆ, ಆದರೆ ತೆಂಗಿನ ಹಾಲು ಮೆಣಸಿಗೆ ಚೆನ್ನಾಗಿ ಹೊಂದುತ್ತೆ. ಇನ್ನು ಕುದಿಸಬೇಡಿ, ಹಾಲು ಒಡೆಯುತ್ತದೆ. ಅಂಚಿನಲ್ಲಿ ಸಣ್ಣ ಗುಳ್ಳೆ ಕಂಡ ಕೂಡಲೇ ಇಳಿಸಿ.

ಬಟ್ಟಲಿನ ತಳಕ್ಕೆ ಎರಡು ಚಮಚ ಬಿಸಿ ಅನ್ನ, ಮೇಲೆ ಸೂಪು, ಅದರ ಮೇಲೆ ಎತ್ತಿಟ್ಟ ಸೇಬಿನ ಚೂರು. ರುಚಿ ನೋಡಿ, ಹುಳಿ ಸಾಲದಿದ್ದರೆ ನಿಂಬೆ ಹಿಂಡಿ. ಮಿಕ್ಕಿದ್ದನ್ನು ಫ್ರಿಜ್ಜಿನಲ್ಲಿಟ್ಟರೆ ಮರುದಿನ ಬೇಳೆಯಿಂದಾಗಿ ಗೊಜ್ಜಿನ ಹಾಗಾಗಿರುತ್ತದೆ. ಸ್ವಲ್ಪ ಬಿಸಿನೀರು ಬೆರೆಸಿ ಸಣ್ಣ ಉರಿಯಲ್ಲಿ ಚೆನ್ನಾಗಿ ಬಿಸಿ ಮಾಡಿ. ನಮ್ಮ ಮನೆಯಲ್ಲಿ ಅದನ್ನು ಹಾಗೇ ಗಟ್ಟಿಯಾಗಿ ಕಾಯಿಸಿಕೊಂಡು ದೋಸೆಗೆ ಹಚ್ಚಿಕೊಳ್ಳುತ್ತಾರೆ.