ಬಾವಿ ನೀರು ಕೆಡುವ ಮೊದಲೇ ಲೆಕ್ಕ ಹಾಕಿ

ಬೋರ್‌ವೆಲ್ ನೀರು ವಾಸನೆ ಬಂದ ಮೇಲೆ ಪರೀಕ್ಷೆಗೆ ಓಡುವುದು ನಮ್ಮ ಅಭ್ಯಾಸ. ಎಲ್ಲಿ ಕೆಡಬಹುದು ಎಂದು ಮೊದಲೇ ಅಂದಾಜು ಮಾಡಲು ‘ಡ್ರಾಸ್ಟಿಕ್’ ಎಂಬ ವಿಧಾನವಿದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1987ರಲ್ಲಿ ಪ್ರಕಟಿಸಿದ್ದು. ಏಳು ಅಂಶಗಳಿಗೆ 1ರಿಂದ 10ರವರೆಗೆ ಅಂಕ ಕೊಟ್ಟು, ಆಯಾ ಅಂಶದ ತೂಕದಿಂದ (ಅದು ಎಷ್ಟು ಮುಖ್ಯ ಎಂದು ಹೇಳುವ ಅಂಕಿ) ಗುಣಿಸಿ ಕೂಡಬೇಕು. ಬೆಂಗಳೂರಿನ ಒಂದು ಹಳೇ ಬಡಾವಣೆಯನ್ನೇ ತೆಗೆದುಕೊಳ್ಳೋಣ.

ಮೊದಲು ನೀರಿನ ಮಟ್ಟ, ತೂಕ 5. ಬೋರ್ ಎಷ್ಟು ಅಡಿ ಕೊರೆಸಿದ್ದೀರಿ ಅನ್ನೋದು ಬೇಡ, ನೀರು ಎಷ್ಟು ಅಡಿಯಲ್ಲಿ ನಿಂತಿದೆ ಹೇಳಿ. ತೆರೆದ ಬಾವಿ ಉಳಿದಿದ್ದರೆ ಹಗ್ಗಕ್ಕೆ ದಪ್ಪ ನಟ್ ಕಟ್ಟಿ ಇಳಿಸಿ. ‘ಗುಳುಂ’ ಎಂದ ತಕ್ಷಣ ಹಗ್ಗಕ್ಕೆ ಗಂಟು ಹಾಕಿ, ಮೇಲೆಳೆದು ಟೇಪಿನಲ್ಲಿ ಅಳೆಯಿರಿ. ಬಾವಿಕಟ್ಟೆಯ ಎತ್ತರ ಕಳೆಯಲು ಮರೆಯಬೇಡಿ. ಮೇ ತಿಂಗಳಲ್ಲೊಮ್ಮೆ, ನವೆಂಬರಲ್ಲೊಮ್ಮೆ ಅಳೆದರೆ ಒಳ್ಳೆಯದು. ನೀರು 5 ಅಡಿಯೊಳಗಿದ್ದರೆ 10 ಅಂಕ, 40 ಅಡಿಗೆ 5, ನೂರು ದಾಟಿದರೆ 1. ಅಂದರೆ 40 ಅಡಿಗೆ ಲೆಕ್ಕ 25.

ನೆಲಕ್ಕೂ ನೀರಿಗೂ ನಡುವಿನ ಪದರದ ತೂಕವೂ 5. ಇದಕ್ಕೆ ಅಪಾರ್ಟ್‌ಮೆಂಟಿನ ಪಾಯದ ಗುಂಡಿಗಿಂತ ಒಳ್ಳೆ ಪಾಠ ಇಲ್ಲ. ಮೇಲೆ ಕೆಂಪು ಮಣ್ಣು, ಕೆಳಗೆ ಕೈಯಲ್ಲೇ ಪುಡಿಯಾಗುವ ಕಲ್ಲು, ಆಮೇಲೆ ಗಟ್ಟಿ ಬಂಡೆ. ಜೇಡಿ ಜಾಸ್ತಿ ಇದ್ದರೆ ಅಂಕ ಕಡಿಮೆ, ಬಿರುಕು ಜಾಸ್ತಿ ಇದ್ದರೆ ಅಂಕವೂ ಜಾಸ್ತಿ.

ಇಂಗುವ ನೀರಿಗೆ ತೂಕ 4. ಕಾಂಕ್ರೀಟ್ ಊರಲ್ಲಿ ಎಲ್ಲಿ ಇಂಗುತ್ತೆ ಅಂತೀರಾ? ಸೋರುವ ಪೈಪು, ಒಡೆದ ಚರಂಡಿ ಇವೆಯಲ್ವಾ! ನೀರು ಹಿಡಿಯುವ ಬಂಡೆಗೆ 3, ಅದರಲ್ಲಿ ನೀರು ಹರಿಯುವ ವೇಗಕ್ಕೆ 3, ಮಣ್ಣಿಗೆ 2, ಇಳಿಜಾರಿಗೆ 1. ಒಟ್ಟು 23ರಿಂದ 230ರೊಳಗೆ ಬರುತ್ತದೆ. ಹೆಚ್ಚು ಬಂದಷ್ಟೂ ಅಪಾಯ. ಉಚಿತವಾಗಿ ಸಿಗುವ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಆಯಾ ಜಾಗದ ಅಂಕಕ್ಕೆ ತಕ್ಕ ಬಣ್ಣ ಹಚ್ಚಿ.

ಆದರೆ ಈ ನಕ್ಷೆ ಹೇಳೋದು ನೆಲದ ಗುಣ ಮಾತ್ರ. ಅದರ ಮೇಲೆ ಯಾರು ಏನು ಸುರಿಯುತ್ತಾರೆ ಅನ್ನೋದು ಅದಕ್ಕೆ ಗೊತ್ತಿಲ್ಲ. ಜನ ಕಿಕ್ಕಿರಿದ ಕಡೆ ಅದೇ ಮುಖ್ಯ. ಹಾಗಾಗಿ ಹಳೇ ಶೌಚದ ಗುಂಡಿಗಳು, ರಾಜಕಾಲುವೆ, ಗ್ಯಾರೇಜು, ಕಸ ಸುರಿಯುವ ಜಾಗ ಎಲ್ಲವನ್ನೂ ನಡೆದು ಗುರುತು ಮಾಡಿ.

ಕೊನೆಗೆ ಕೆಲವು ಬಾವಿ, ಬೋರ್‌ಗಳ ನೀರು ಪರೀಕ್ಷೆಗೆ ಕೊಡಿ. ಕೊಳಚೆಯಿಂದ ಸೇರುವ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ಕುದಿಸಿದರೆ ಅದು ಹೋಗಲ್ಲ, ನೀರು ಆವಿಯಾದಷ್ಟೂ ಗಾಢವಾಗುತ್ತದೆ. ನಕ್ಷೆಯಲ್ಲಿ ಕಡಿಮೆ ಅಂಕವಿದ್ದ ಕಡೆಯೇ ನೈಟ್ರೇಟ್ ಜಾಸ್ತಿ ಬಂದರೆ ಸುಮ್ನೆ ಲೆಕ್ಕವನ್ನು ಬೈಯಬೇಡಿ. ಆ ಬೋರ್ ಬಾಯಿ ಹತ್ತಿರ ಹೋಗಿ, ಕೇಸಿಂಗ್ ಪೈಪು ಒಡೆದಿದೆಯಾ, ಪಕ್ಕದಲ್ಲೇ ಚರಂಡಿ ಇದೆಯಾ ನೋಡಿ.