ಅಪ್ಪನ ಕೋವಿ ಮಾರಿದಿರಾ? ಅಂಗಡಿಗೆ ತಲುಪಿಸುವುದು ಹೀಗೆ

ಹೋದ ಮಳೆಗಾಲದಲ್ಲಿ ನೆಂಟರೊಬ್ಬರು ಫೋನ್ ಮಾಡಿದರು. "ಭಾವ, ಕೋವಿ ಮಾರಿಬಿಟ್ಟೆ. ಶಿವಮೊಗ್ಗದ ಕೋವಿ ಅಂಗಡಿಯವರು ಒಪ್ಪಿದ್ದಾರೆ, ಅರ್ಧ ದುಡ್ಡೂ ಬಂತು. ಬಸ್ಸಿನ ಪಾರ್ಸೆಲ್‌ಗೆ ಹಾಕಿದ್ರೆ ತಗೋತಾರಾ?" ಕೋವಿ ಆಗಲೇ ಗೋಣಿಚೀಲ ಸುತ್ತಿಸಿಕೊಂಡು, ಸುತಳಿ ಬಿಗಿಸಿಕೊಂಡು, ಜಗಲಿ ಮೂಲೆಯಲ್ಲಿ ಅಡಿಕೆ ಮೂಟೆಗಳ ಪಕ್ಕ ನಿಂತಿತ್ತಂತೆ. ಲೈಸೆನ್ಸ್ ಪುಸ್ತಕವೂ ಅದೇ ಚೀಲದೊಳಗೆ! "ಮೊದಲು ಸುತಳಿ ಬಿಚ್ಚು" ಅಂದೆ.

ಮಲೆನಾಡಿನಲ್ಲಿ ಈಗ ಇಂಥ ಫೋನು ಜಾಸ್ತಿ. ಬೆಳೆ ರಕ್ಷಣೆಗೆ ಅಂತ ಎಂದೋ ತೆಗೆದುಕೊಂಡ ಕೋವಿ. ಅಪ್ಪನಿಗೆ ವಯಸ್ಸಾಗಿದೆ, ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಹೊತ್ತುಕೊಂಡು ಹೋಗಿ ಡಿಪಾಸಿಟ್ ಮಾಡಿ ಸಾಕಾಗಿದೆ. ಮಾರೋಣ ಅನ್ನಿಸುವುದು ಸಹಜ. ನಮ್ಮ ಮನೆಯದು, ಚಿಕ್ಕಪ್ಪನ ಮನೆಯದು, ಆಮೇಲೆ ಈ ನೆಂಟರದು ಸೇರಿ ಮೂರು ಕೋವಿಗಳ ಓಡಾಟ ನೋಡಿದ್ದೇನೆ. ಮೂರರಲ್ಲೂ ಜನ ಎಡವಿದ್ದು ಕೋವಿ ಹೊರುವಾಗಲ್ಲ, ಅದಕ್ಕೂ ಮೊದಲು.

ಬಸ್ ಪಾರ್ಸೆಲ್, ಕೊರಿಯರ್, ಅಂಚೆ ಎಲ್ಲವನ್ನೂ ತಲೆಯಿಂದ ತೆಗೆದುಬಿಡಿ. ಕೊರಿಯರ್ ಕಂಪನಿಗಳು ಬೇಡ ಅನ್ನುವ ಸಾಮಾನಿನ ಪಟ್ಟಿಯಲ್ಲಿ ಬಂದೂಕು ಇದ್ದೇ ಇರುತ್ತದೆ. ತೋಟಾ ಸಿಡಿಮದ್ದಿನ ಸಾಮಾನು, ಅಂಚೆಯಲ್ಲಿ ಕಳಿಸುವಂತಿಲ್ಲ. "ಪೈಪು ಅಂತ ಬರೆದು ಕಳಿಸಿ, ಯಾರು ನೋಡ್ತಾರೆ" ಅನ್ನುವವರು ಎಲ್ಲ ಊರಲ್ಲೂ ಒಬ್ಬರು ಇರುತ್ತಾರೆ. ಅವರ ಹೆಸರಿನಲ್ಲಿ ಲೈಸೆನ್ಸ್ ಇರುವುದಿಲ್ಲ ಅಷ್ಟೇ. ಕೋವಿ ಯಾರ ಹೆಸರಿನಲ್ಲಿದೆಯೋ ಅವರೇ ಜೊತೆಗಿದ್ದು ಒಯ್ಯಬೇಕು. ಮಗ ಕಾರು ಓಡಿಸಲಿ, ಅಪ್ಪ ಪಕ್ಕದಲ್ಲಿ ಕೂತಿರಲಿ. ಲೈಸೆನ್ಸ್‌ದಾರರು ಚೀಟಿ ಬರೆದುಕೊಟ್ಟು ಬೇರೆಯವರ ಕೈಲಿ ಕೋವಿ ಕಳಿಸಬಹುದು ಎಂಬ ಮಾತು ಕಾಯ್ದೆಯಲ್ಲಿ ಇರುವುದು ನಿಜ. ಆದರೆ ಅದು ರಿಪೇರಿಗೆ, ಲೈಸೆನ್ಸ್ ನವೀಕರಣಕ್ಕೆ ಅಥವಾ ಲೈಸೆನ್ಸ್‌ದಾರರೇ ಬಳಸುವುದಕ್ಕೆ ಮಾತ್ರ. ಅದರಲ್ಲಿ ಮಾರಾಟದ ಹೆಸರಿಲ್ಲ.

ಮೊದಲು ನಂಬರ್ ಓದಿ

ಕೋವಿಯ ಮೇಲೆ ಒತ್ತಿದ ನಂಬರ್ ಲೈಸೆನ್ಸ್‌ನಲ್ಲಿ ಬರೆದದ್ದಕ್ಕೆ ಹೊಂದಬೇಕು. ಸುಲಭ ಅನ್ನಿಸುತ್ತದೆ ಅಲ್ವಾ? ಮಾರಾಟದ ಅರ್ಜಿ ಬಹಳ ಸಲ ವಾಪಸ್ ಬರುವುದು ಇಲ್ಲೇ.

ಕೋವಿಯನ್ನು ಬೆಳಕಿಗೆ ತನ್ನಿ. ಮೂತಿ ಜನ, ದನ, ನಾಯಿ ಯಾರೂ ಇಲ್ಲದ ಕಡೆಗಿರಲಿ. ನಳಿಗೆ ಮಡಚಿ ಒಳಗೆ ತೋಟಾ ಇಲ್ಲ ಅಂತ ಕಣ್ಣಿಂದ ನೋಡಿ, ಬೆರಳು ಹಾಕಿ ನೋಡಿ. ಜೋಡಿ ನಳಿಗೆಯಾದರೆ ಎರಡನ್ನೂ. "ಹತ್ತು ವರ್ಷದಿಂದ ಮುಟ್ಟಿಲ್ಲ, ಖಾಲಿನೇ ಇದೆ" ಅನ್ನುವ ಕೋವಿಯನ್ನೇ ಜಾಸ್ತಿ ಅನುಮಾನದಿಂದ ನೋಡಬೇಕು. ಕೇಪಿನ ಕೋವಿಯಾದರೆ, ಅಂದರೆ ಮೂತಿಯಿಂದ ಮದ್ದು ತುಂಬುವಂಥದ್ದಾದರೆ, ಮಡಚುವ ಹಾಗಿಲ್ಲ. ಒಳಗೆ ಮದ್ದು ಇದೆಯೋ ಇಲ್ಲವೋ ಎಂದು ನೀವು ಕೆದಕಬೇಡಿ, ಗೊತ್ತಿರುವವರನ್ನು ಕರೆಸಿ.

ಈಗ ನಳಿಗೆಯ ಅಡಿಯ ಮರದ ತುಂಡು ಬಿಚ್ಚಿ, ನಳಿಗೆ ಬೇರೆ ಮಾಡಿ, ಬುಡವನ್ನು ತಿರುಗಿಸಿ ನೋಡಿ. ಚಪ್ಪಟೆ ಜಾಗದಲ್ಲಿ ಗುರುತುಗಳ ಸಂತೆಯೇ ಇರುತ್ತದೆ. ಹಳೆಯ ಇಂಗ್ಲಿಷ್ ಕೋವಿಯಾದರೆ ವಜ್ರದಾಕಾರದ ಗೆರೆಯೊಳಗೆ 12, ಅದರ ಕೆಳಗೆ 'ಸಿ' ಎಂದು ಒತ್ತಿರಬಹುದು. ಅದು ಕೋವಿಯ ನಂಬರ್ ಅಲ್ಲ, 12 ಬೋರ್ ಅನ್ನುವ ಗುರುತು, ಅಂದರೆ ನಳಿಗೆಯ ಒಳಗಲದ ಲೆಕ್ಕ. 2½ ಎಂದಿದ್ದರೆ ತೋಟಾ ಕೂರುವ ಜಾಗದ ಉದ್ದ, ಇಂಚಿನಲ್ಲಿ. ಪೇಟೆಂಟ್ ನಂಬರ್ ಬೇರೆ ಇರುತ್ತದೆ. ಕೋವಿಯ ನಂಬರ್ ಸಾಮಾನ್ಯವಾಗಿ ನಳಿಗೆ, ಕಬ್ಬಿಣದ ದೇಹ, ಮರದ ತುಂಡಿನ ಕಬ್ಬಿಣ ಮೂರರಲ್ಲೂ ಒಂದೇ ಇರುತ್ತದೆ. ಮೂರೂ ಹೊಂದಿಸಿ ನೋಡಿ.

ತುಕ್ಕು ಹಿಡಿದು ಕಾಣದಿದ್ದರೆ ಮರಳು ಕಾಗದ ತರಬೇಡಿ, ಚಾಕುವಿನಿಂದ ಕೆರೆಯಬೇಡಿ. ಕೋವಿಯ ಗುರುತು ಅಳಿಸುವುದೇ ಒಂದು ಅಪರಾಧ. ಬಟ್ಟೆಗೆ ಎರಡು ಹನಿ ಎಣ್ಣೆ ಹಾಕಿ ಒರೆಸಿ. ಒಣಗಿದ ಮೇಲೆ ಸೀಮೆಸುಣ್ಣ ಅಡ್ಡಲಾಗಿ ಉಜ್ಜಿ, ಮೇಲಿನದನ್ನು ಬೆರಳಿಂದ ಒರೆಸಿಬಿಡಿ. ಒತ್ತಿದ ಅಕ್ಷರದ ಗುಂಡಿಯೊಳಗೆ ಸುಣ್ಣ ಉಳಿದು ಅಂಕಿ ಬೆಳ್ಳಗೆ ಎದ್ದು ಬರುತ್ತದೆ. ಟಾರ್ಚನ್ನು ಪಕ್ಕದಿಂದ ಬಿಟ್ಟು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ನಮ್ಮ ಅಪ್ಪನ ಲೈಸೆನ್ಸ್‌ನಲ್ಲಿ ಕೊನೆಯ ಅಂಕಿ 3 ಎಂದಿತ್ತು, ಕೋವಿಯ ಮೇಲೆ 8. ಎಷ್ಟೋ ವರ್ಷದ ಹಿಂದೆ ಯಾರೋ ಗುಮಾಸ್ತರು ತುಕ್ಕಿನ ನಡುವೆ ಅರ್ಧ ಓದಿ ಬರೆದದ್ದು, ಪ್ರತಿ ನವೀಕರಣಕ್ಕೂ ಹಾಗೇ ನಕಲಾಗುತ್ತ ಬಂದಿತ್ತು. ಅದನ್ನು ತಿದ್ದಿಸುವುದಕ್ಕೇ ನಮಗೆ ಎರಡು ತಿಂಗಳು ಹಿಡಿಯಿತು. ನಿಮ್ಮದೂ ಹೀಗಿದ್ದರೆ ಮಾರುವ ಮಾತು ಆಮೇಲೆ, ತಿದ್ದುಪಡಿ ಮೊದಲು.

ಹಾಗೇ ಲೈಸೆನ್ಸ್ ಚಾಲ್ತಿಯಲ್ಲಿದೆಯಾ, ಯುಐಎನ್ ನಂಬರ್ (ಸರ್ಕಾರದ ಕಂಪ್ಯೂಟರ್ ಪಟ್ಟಿಯಲ್ಲಿ ಲೈಸೆನ್ಸ್‌ದಾರರಿಗೆ ಕೊಡುವ ಗುರುತಿನ ಸಂಖ್ಯೆ) ಬಂದಿದೆಯಾ ನೋಡಿಕೊಳ್ಳಿ. ಎರಡರಲ್ಲಿ ಒಂದು ಇಲ್ಲದಿದ್ದರೂ ಅಂಗಡಿಯವರು ಕೋವಿ ಮುಟ್ಟುವುದಿಲ್ಲ.

45 ದಿನದ ಕಾಗದ

ಇದೇ ಕಷ್ಟದ ಜಾಗ, ನಿಧಾನವಾಗಿ ಓದಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ, ಸ್ವಂತಕ್ಕೆ ಇಟ್ಟುಕೊಂಡ ಕೋವಿಯನ್ನು ಮಾರಲು ನಿಮಗೆ ವ್ಯಾಪಾರದ ಲೈಸೆನ್ಸ್ ಬೇಕಿಲ್ಲ. ಆದರೆ ಮಾರುವ ಉದ್ದೇಶವನ್ನೂ, ಯಾರಿಗೆ ಮಾರುತ್ತೀರಿ ಎಂಬ ಹೆಸರು ವಿಳಾಸವನ್ನೂ ಜಿಲ್ಲಾ ದಂಡಾಧಿಕಾರಿಗೆ, ಅಂದರೆ ಡಿಸಿಗೆ, ಅಥವಾ ಹತ್ತಿರದ ಠಾಣೆಯ ಅಧಿಕಾರಿಗೆ ಬರೆದು ತಿಳಿಸಬೇಕು. ತಿಳಿಸಿದ ಮೇಲೆ ಕನಿಷ್ಠ 45 ದಿನ ಕಳೆಯಬೇಕು. ಕೋವಿ ಕೈ ಬದಲಾಗುವುದು ಆಮೇಲೆಯೇ. ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. "ಎಸ್‌ಐ ನಮಗೆ ಗೊತ್ತಿರೋರೇ" ಅನ್ನುವುದೂ ಲೆಕ್ಕಕ್ಕಿಲ್ಲ. ಆ ಎಸ್‌ಐಗೆ ವರ್ಗವಾಗಿರುತ್ತದೆ.

ಕಾಯ್ದೆ 'ಅಥವಾ' ಎಂದರೂ ನಾನು ಹೇಳುವುದು ಇಬ್ಬರಿಗೂ ಕೊಡಿ ಅಂತ. ಡಿಸಿ ಕಚೇರಿಯಲ್ಲಿ ಕೋವಿಯ ಕಡತ ಇರುವುದು ದಂಡಾಧಿಕಾರದ ಶಾಖೆಯಲ್ಲಿ, ಎಂಎಜಿ ಸೆಕ್ಷನ್ ಅಂತ ಕೇಳಿದರೆ ತೋರಿಸುತ್ತಾರೆ. ಬೆಂಗಳೂರು, ಮೈಸೂರಿನಂಥ ಕಮಿಷನರೇಟ್ ಊರಿನವರು ಪೊಲೀಸ್ ಕಮಿಷನರ್ ಕಚೇರಿಗೆ ಹೋಗಬೇಕು.

ಪತ್ರ ಒಂದೇ ಪುಟ ಸಾಕು. ನಿಮ್ಮ ಹೆಸರು, ವಿಳಾಸ, ಲೈಸೆನ್ಸ್ ನಂಬರ್, ಯುಐಎನ್. ಕೋವಿಯ ಜಾತಿ (ಒಂಟಿ ನಳಿಗೆಯೋ ಜೋಡಿ ನಳಿಗೆಯೋ), ಬೋರ್, ತಯಾರಿಸಿದವರ ಹೆಸರು, ಕೋವಿಯ ನಂಬರ್. ಉಳಿದ ತೋಟಾ ಎಷ್ಟು. ಕೊಳ್ಳುವ ಅಂಗಡಿಯ ಹೆಸರು, ವಿಳಾಸ, ಅವರ ವ್ಯಾಪಾರ ಲೈಸೆನ್ಸ್ ನಂಬರ್. ಜೊತೆಗೆ ಅಂಗಡಿಯವರಿಂದ "ಈ ನಂಬರಿನ ಕೋವಿ ಕೊಳ್ಳಲು ಒಪ್ಪಿದ್ದೇವೆ" ಎಂಬ ಚೀಟಿ, ಅವರ ಲೈಸೆನ್ಸ್ ಜೆರಾಕ್ಸ್. ಈ ಜೆರಾಕ್ಸ್ ಕೇಳಲು ನಾಚಿಕೆಪಡಬೇಡಿ. ಅದರಲ್ಲಿ ಅವಧಿ ಮುಗಿದಿಲ್ಲವಾ ನೋಡಿ. ಕೊಡಲು ಹಿಂದೆಮುಂದೆ ನೋಡುವ ಅಂಗಡಿಗೆ ಕೋವಿ ಕೊಡಲೇಬೇಡಿ, ನೂರು ರೂಪಾಯಿ ಜಾಸ್ತಿ ಕೊಟ್ಟರೂ ಬೇಡ.

ಎಲ್ಲಕ್ಕಿಂತ ಮುಖ್ಯ, ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ತಾರೀಕು. 45 ದಿನ ಎಣಿಸುವುದು ಆ ತಾರೀಕಿನಿಂದ. ನಮ್ಮ ಚಿಕ್ಕಪ್ಪ ಪತ್ರ ಕೊಟ್ಟು, "ಆಯ್ತು ಹೋಗಿ" ಅಂದರು ಎಂದು ಬರಿಗೈಲಿ ಬಂದಿದ್ದರು. ಒಂದೂವರೆ ತಿಂಗಳ ಮೇಲೆ ಹೋದರೆ ಪತ್ರವೇ ಬಂದಿಲ್ಲ ಅಂದರು. ಮತ್ತೆ ಒಂದನೇ ದಿನದಿಂದ ಶುರು. ಸೀಲು ಹಾಕಲು ತಕರಾರು ಮಾಡಿದರೆ ಜಗಳ ಬೇಡ, ಸ್ಪೀಡ್ ಪೋಸ್ಟ್‌ನಲ್ಲಿ, ತಲುಪಿದ್ದಕ್ಕೆ ಪುರಾವೆ ಸಿಗುವ ಹಾಗೆ ಕಳಿಸಿ.

ಇನ್ನೊಂದು ವಿಷಯ. ಕಾಯ್ದೆ ಕೇಳುವುದು ತಿಳುವಳಿಕೆ ಪತ್ರ. ಆದರೆ ಎಷ್ಟೋ ಅಂಗಡಿಯವರು ಡಿಸಿ ಕಚೇರಿಯ ಅನುಮತಿ ಅಥವಾ ಎನ್‌ಒಸಿ ಕಾಗದವನ್ನೂ ಕೇಳುತ್ತಾರೆ. ವಾದ ಮಾಡಬೇಡಿ. ಅದೇ ಪತ್ರದಲ್ಲಿ "ಮಾರಾಟಕ್ಕೆ ಅನುಮತಿ ಕೊಡಬೇಕಾಗಿ ಕೋರಿಕೆ" ಎಂಬ ಒಂದು ಸಾಲು ಸೇರಿಸಿಬಿಡಿ.

ಅಪ್ಪ ತೀರಿಕೊಂಡಿದ್ದರೆ ಈ ದಾರಿಯೇ ಬೇರೆ. ಲೈಸೆನ್ಸ್ ಅವರ ಜೊತೆಗೇ ಹೋಯಿತು, ಕೋವಿ ನಿಮ್ಮ ಅಟ್ಟದಲ್ಲಿ ಇರುವಂತಿಲ್ಲ. ತಿಥಿ ಮುಗಿಯಲಿ ಅಂತ ಕಾಯದೆ ಠಾಣೆಗೆ ತಿಳಿಸಿ, ಡಿಪಾಸಿಟ್ ಮಾಡಿ ರಸೀದಿ ತೆಗೆದುಕೊಳ್ಳಿ. ಮಾರುವುದೋ, ಮಗನ ಹೆಸರಿಗೆ ಲೈಸೆನ್ಸ್ ಕೇಳುವುದೋ ಅಲ್ಲಿಂದ ಮುಂದೆ. ಅಂದಹಾಗೆ, 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಅಪ್ಪ ಬದುಕಿದ್ದಾಗಲೇ, 70 ವರ್ಷ ತುಂಬಿದ್ದರೆ ಅಥವಾ ಕೋವಿ ಇಟ್ಟುಕೊಂಡು 25 ವರ್ಷ ಆಗಿದ್ದರೆ, ವಾರಸುದಾರರ ಹೆಸರಿಗೆ ಲೈಸೆನ್ಸ್ ಕೇಳಬಹುದು. ಮನೆಯಲ್ಲಿ ಯಾರಿಗಾದರೂ ಬೇಕಿದ್ದರೆ ಮಾರುವ ಮುಂಚೆ ಯೋಚಿಸಿ. ಈಗ ಒಬ್ಬರ ಹೆಸರಿನಲ್ಲಿ ಎರಡಕ್ಕಿಂತ ಹೆಚ್ಚು ಕೋವಿ ಇರುವಂತಿಲ್ಲ, 2019ರ ತಿದ್ದುಪಡಿಗೆ ಮುಂಚೆ ಮೂರು ಇತ್ತು.

ಕೊಡಗಿನವರಿಗೂ ಒಂದು ಮಾತು. ಕೊಡವರಿಗೆ, ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೆ ಲೈಸೆನ್ಸ್‌ನಿಂದ 2029ರ ಅಕ್ಟೋಬರ್‌ವರೆಗೆ ವಿನಾಯಿತಿ ಇದೆ. ವಿನಾಯಿತಿ ಇರುವುದು ಇಟ್ಟುಕೊಳ್ಳುವವರಿಗೆ. ಕೊಳ್ಳುವವರಿಗೆ ಆ ವಿನಾಯಿತಿ ಇಲ್ಲದಿದ್ದರೆ ಲೈಸೆನ್ಸ್ ಬೇಕೇ ಬೇಕು.

ವ್ಯಾಪ್ತಿ ಕಾಲಂ

ಲೈಸೆನ್ಸ್‌ನಲ್ಲಿ ವ್ಯಾಪ್ತಿ ಎಂಬ ಕಾಲಂ ಇರುತ್ತದೆ. ಬೆಳೆ ರಕ್ಷಣೆಯ ಲೈಸೆನ್ಸ್‌ನಲ್ಲಿ ಬಹಳ ಸಲ ಒಂದೇ ಜಿಲ್ಲೆ. ನಮ್ಮ ನೆಂಟರ ಮನೆ ಕೊಪ್ಪದ ಹತ್ತಿರ, ಅಂದರೆ ಚಿಕ್ಕಮಗಳೂರು ಜಿಲ್ಲೆ. ಅಂಗಡಿ ಶಿವಮೊಗ್ಗದಲ್ಲಿ. ತೀರ್ಥಹಳ್ಳಿ ದಾರಿ ಹಿಡಿದು ಜಿಲ್ಲೆಯ ಗಡಿ ದಾಟಿದ ಕೂಡಲೇ ಅವರ ಲೈಸೆನ್ಸ್ ಬರೀ ಕಾಗದ. ಇಂಥ ದಿನ, ಇಂಥ ಅಂಗಡಿಗೆ ಒಯ್ಯಲು ಅನುಮತಿ ಅಂತ ಡಿಸಿ ಕಚೇರಿಯಿಂದ ಬರೆಸಿಕೊಳ್ಳಬೇಕು. ಅಥವಾ ಜಿಲ್ಲೆಯೊಳಗಿನ ಅಂಗಡಿಗೇ ಕೊಡಿ. ರೇಟು ಸ್ವಲ್ಪ ಕಮ್ಮಿ ಆದರೂ ನಾನಾಗಿದ್ದರೆ ಅದನ್ನೇ ಮಾಡುತ್ತೇನೆ.

ಕಟ್ಟುವುದು, ಒಯ್ಯುವುದು

ನಳಿಗೆ, ಹಿಂದಿನ ಮರ, ಮುಂದಿನ ತುಂಡು ಮೂರನ್ನೂ ಬಿಚ್ಚಿ. ಒಂದೊಂದನ್ನೂ ಹಳೆ ಪಂಚೆಯ ತುಂಡಿನಲ್ಲಿ ಬೇರೆಬೇರೆ ಸುತ್ತಿ, ಚೀಲಕ್ಕೆ ಹಾಕಿ ಡಿಕ್ಕಿಯಲ್ಲಿಡಿ. ಹೊರಗೆ ಕಾಣಬಾರದು. ಹೊಲಿಗೆ ಮಷಿನ್ ಎಣ್ಣೆ ತೆಳ್ಳಗೆ ಸವರಿದರೆ ಸಾಕು. ತೆಂಗಿನೆಣ್ಣೆ ಬೇಡವೇ ಬೇಡ, ಅದು ಅಂಟಾಗಿ ಕೂತು ಕುದುರೆ (ಟ್ರಿಗರ್) ಎಳೆಯಲು ಬಾರದ ಹಾಗೆ ಮಾಡುತ್ತದೆ.

ಪೇಟೆಯಲ್ಲಿ ಸಿಗುವ ರೆಗ್ಜಿನ್ ಚೀಲ, ಒಳಗೆ ಸ್ಪಂಜ್ ಇರುವಂಥದ್ದು, ನೋಡಲು ಚೆನ್ನ. ಒಂದು ದಿನದ ಪ್ರಯಾಣಕ್ಕೆ ಅಡ್ಡಿಯಿಲ್ಲ. ಅದರಲ್ಲೇ ಕೋವಿ ಇಟ್ಟು ಮಳೆಗಾಲ ಕಳೆದಿರೋ, ಸ್ಪಂಜ್ ಶೀತ ಹೀರಿಕೊಂಡು ನಳಿಗೆ ಮೈಮೇಲೆ ಕೆಂಪು ಚುಕ್ಕೆ ಎಬ್ಬಿಸುತ್ತದೆ. ಚುನಾವಣೆಗೆ ಡಿಪಾಸಿಟ್ ಇಟ್ಟ ನಮ್ಮ ಕೋವಿ ಹಾಗೆ ವಾಪಸ್ ಬಂದಿತ್ತು. ಹಿಂದಿನ ಮರದಲ್ಲಿ ಹೊಸ ಬಿರುಕು ಬೇರೆ. ರಸೀದಿಯಲ್ಲಿ ಕೋವಿಯ ಸ್ಥಿತಿ ಬರೆಸಿರಲಿಲ್ಲ, ಕೇಳಲು ಬಾಯಿಲ್ಲ. ಹಾಗಾಗಿ ಅಂಗಡಿಗೆ ಕೊಡುವಾಗಲೂ ಎಲ್ಲ ಕಡೆಯಿಂದ ಫೋಟೊ ತೆಗೆದಿಟ್ಟುಕೊಳ್ಳಿ.

ತೋಟಾ ಬೇರೆ ಡಬ್ಬಿಯಲ್ಲಿ, ಎಣಿಸಿ. ಕಾಗದದ ಹಳೆ ತೋಟಾ ಶೀತಕ್ಕೆ ಊದಿಕೊಂಡಿದ್ದರೆ ಹೊಡೆದು ಖಾಲಿ ಮಾಡಲು ಹೋಗಬೇಡಿ. ಬಾವಿಗೂ ಒಲೆಗೂ ಎಸೆಯಬೇಡಿ. ಎಣಿಕೆ ಸಮೇತ ಅಂಗಡಿಗೆ ಒಪ್ಪಿಸಿ.

ಮೂಲ ಲೈಸೆನ್ಸ್, ಸೀಲಾದ ಪತ್ರ, ಅನುಮತಿ, ಅಂಗಡಿಯ ಚೀಟಿ ಇವೆಲ್ಲ ಅಪ್ಪನ ಕೈಯಲ್ಲಿರುವ ಫೈಲಿನಲ್ಲಿ ಇರಲಿ, ಡಿಕ್ಕಿಯಲ್ಲಲ್ಲ. ನೇರ ಹೋಗಿ. ದಾರಿಯಲ್ಲಿ ಮದುವೆ ಊಟ ಮುಗಿಸಿಕೊಂಡು ಹೋಗೋಣ ಅನ್ನುವ ಐಡಿಯಾ ಬೇಡ. ಚುನಾವಣೆ ಘೋಷಣೆ ಆಗಿದ್ದರೆ ಇಡೀ ಕೆಲಸವನ್ನೇ ಮುಂದಕ್ಕೆ ಹಾಕಿ.

ಅಂಗಡಿಯಲ್ಲಿ

ಅವರು ನಂಬರ್ ತಾಳೆ ನೋಡಿ ರಿಜಿಸ್ಟರ್‌ನಲ್ಲಿ ಬರೆದುಕೊಳ್ಳುತ್ತಾರೆ. ನೀವು ನೋಡಬೇಕಾದ್ದು ರಸೀದಿಯ ಒಂದೇ ಪದ. 'ಖರೀದಿ' ಅಥವಾ 'ಮಾರಾಟ' ಎಂದಿರಬೇಕು, 'ಡಿಪಾಸಿಟ್' ಎಂದಲ್ಲ. ಡಿಪಾಸಿಟ್ ಎಂದರೆ ಕೋವಿ ಇನ್ನೂ ನಿಮ್ಮದೇ, ಇಟ್ಟುಕೊಂಡದ್ದಕ್ಕೆ ಬಾಡಿಗೆಯೂ ನಿಮ್ಮದೇ. ಪೂರ್ತಿ ದುಡ್ಡು ಬಂದಿದ್ದು ಬ್ಯಾಂಕಿನಲ್ಲಿ ಕಂಡ ಮೇಲೆಯೇ ಎದ್ದು ಬನ್ನಿ.

ಮನೆಗೆ ಬಂದ ಮೇಲೆ ರಸೀದಿಯ ನಕಲು ಹಚ್ಚಿ ಡಿಸಿ ಕಚೇರಿಗೂ ಠಾಣೆಗೂ ಕೊಡಿ. ಲೈಸೆನ್ಸ್‌ನಿಂದ ಆ ಕೋವಿ ತೆಗೆಸಿ. ಬೇರೆ ಕೋವಿ ಕೊಳ್ಳುವ ಆಸೆ ಇಲ್ಲದಿದ್ದರೆ ಲೈಸೆನ್ಸನ್ನೇ ಸರೆಂಡರ್ ಮಾಡಿ. ನಾವು ಠಾಣೆಗೆ ಕೊಡುವುದನ್ನು ಮರೆತಿದ್ದೆವು. ಮುಂದಿನ ಚುನಾವಣೆಗೆ ಇಬ್ಬರು ಪೊಲೀಸರು ಅಂಗಳಕ್ಕೆ ಬಂದು, "ಯಜಮಾನರೇ, ಕೋವಿ ಡಿಪಾಸಿಟ್ ಮಾಡಿಲ್ಲವಲ್ಲ" ಅಂದರು. ಅಪ್ಪ ಒಳಗಿಂದ ರಸೀದಿ ತಂದು ತೋರಿಸಿದರು. ಅದರ ಫೋಟೊ ಹೊಡೆದುಕೊಂಡು, ಕಾಫಿ ಕುಡಿದು ಹೋದರು.