ಬೋರ್ಡ್ ಔಟ್ ಆದ ಮೇಲೆ ಅಂಗವೈಕಲ್ಯ ಪಿಂಚಣಿ: ನನ್ನ ಅನುಭವ

ಸೇನೆಯಿಂದ ವೈದ್ಯಕೀಯ ಕಾರಣಕ್ಕೆ ಬೋರ್ಡ್ ಔಟ್ ಆಗಿ (ಅಂದರೆ ಸೇನೆಯ ವೈದ್ಯಕೀಯ ಬೋರ್ಡು ಸೇವೆಗೆ ಅನರ್ಹರೆಂದು ಹೇಳಿ ಬಿಡುಗಡೆ ಮಾಡಿ) ಬಂದು, ಕಾಯಿಲೆಗೂ ಸೇವೆಗೂ ಸಂಬಂಧವಿಲ್ಲವೆಂಬ ಒಂದೇ ಸಾಲಿನ ಷರಾದಿಂದ ಪಿಂಚಣಿ ಕೈತಪ್ಪಿಸಿಕೊಂಡವರು ಹೊಸನಗರ, ಸಾಗರ, ತೀರ್ಥಹಳ್ಳಿಗಳ ಕಡೆ ನನಗೆ ಗೊತ್ತಿರುವವರೇ ಹಲವರಿದ್ದಾರೆ. ಅವರಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸವೆಂದರೆ ಹೊಸದಾಗಿ ಸ್ಕ್ಯಾನ್ ಮಾಡಿಸಿ, ಹೆಸರುವಾಸಿ ಡಾಕ್ಟರೊಬ್ಬರಿಂದ ಸರ್ಟಿಫಿಕೇಟ್ ಬರೆಸಿಕೊಳ್ಳುವುದು. ನಾನು ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹಾಕಿದ ಅರ್ಜಿಯಲ್ಲಿ ಅಂಥ ಒಂದು ಕಾಗದವೂ ಇರಲಿಲ್ಲ. ಇದ್ದದ್ದೆಲ್ಲ ಸೇನೆಯೇ ಬರೆದ ಹಳೆಯ ಕಾಗದಗಳು. ಹೀಗೆ ಹೋದರೆ ಕೇಸು ನಿಲ್ಲುವುದಿಲ್ಲವೆಂದು ಇಬ್ಬರು ವಕೀಲರು ಹೇಳಿದ್ದರು, ಸುಬೇದಾರರಾಗಿ ನಿವೃತ್ತರಾದ ನಮ್ಮ ಭಾವನವರಂತೂ ಸರ್ಕಾರದ ಮೇಲೆ ಕೇಸು ಹಾಕಿ ತೋಟ ಕಳೆದುಕೊಳ್ಳಬೇಡ ಎಂದು ಬೈದಿದ್ದರು. ಈಗ ಅದೇ ಭಾವನವರು ತಮ್ಮ ಪರಿಚಯದವರನ್ನು ನನ್ನ ಬಳಿ ಕಳಿಸುತ್ತಾರೆ. ಬಂದವರಿಗೆಲ್ಲ ಒಂದೇ ಕಥೆಯನ್ನು ಹೇಳುವುದಕ್ಕಿಂತ ಬರೆದಿಡುವುದು ಮೇಲೆಂದು ಇದನ್ನು ಬರೆಯುತ್ತಿದ್ದೇನೆ.

ನನ್ನ ವಿವರ ಸಣ್ಣದು. 1995ರಲ್ಲಿ ಸಿಪಾಯಿಯಾಗಿ ಭರ್ತಿಯಾದೆ. 2002ರಲ್ಲಿ, ಸೇನೆಯನ್ನೆಲ್ಲ ಗಡಿಗೆ ಜಮಾಯಿಸಿದ್ದ ಆಪರೇಷನ್ ಪರಾಕ್ರಮದ ಕಾಲದಲ್ಲಿ, ರಾತ್ರಿ ಪಹರೆ ಮುಗಿಸಿ ಬಂದ ಬೆಳಗಿನ ಜಾವ ಮೊದಲ ಸಲ ಮೂರ್ಛೆ ಬಂತು. ಎರಡು ವರ್ಷ ಕೆಳ ದರ್ಜೆಯ ಮೆಡಿಕಲ್ ಕೆಟಗರಿಯಲ್ಲಿಟ್ಟು, 2004ರಲ್ಲಿ ಶೇ. 20 ಅಂಗವೈಕಲ್ಯವೆಂದು ಬರೆದು ಮನೆಗೆ ಕಳಿಸಿದರು. ಕಾಯಿಲೆ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ ಎಂಬುದು ಬೋರ್ಡಿನ ಅಭಿಪ್ರಾಯವಾಗಿತ್ತು. ಸೇವೆ ಹತ್ತು ವರ್ಷ ತುಂಬದ ಕಾರಣ ಆಗಿನ ನಿಯಮದಂತೆ, ಕಾಯಿಲೆಯಿಂದ ಸೇವೆ ಬಿಟ್ಟವರಿಗೆ ಸಿಗುವ ಇನ್ವ್ಯಾಲಿಡ್ ಪಿಂಚಣಿಯೂ ಇಲ್ಲ, ಬರೀ ಗ್ರಾಚ್ಯುಟಿ. ಆ ದುಡ್ಡು ತೋಟದ ಬಾವಿಗೂ ಪಂಪ್‌ಸೆಟ್ಟಿಗೂ ಸರಿಹೋಯಿತು. (ಹತ್ತು ವರ್ಷದ ಈ ಷರತ್ತನ್ನು 2020ರ ಜುಲೈನಲ್ಲಿ ಸಡಿಲಿಸಿದ್ದಾರೆ, ಆದರೆ ಅದು 4-1-2019ರಂದು ಅಥವಾ ಆಮೇಲೆ ಸೇವೆಯಲ್ಲಿದ್ದವರಿಗೆ ಮಾತ್ರ, ನನ್ನಂಥವರಿಗಲ್ಲ.)

ಮೇಲ್ಮನವಿ ಸಮಿತಿಗೆ ಮೊದಲ ಮೇಲ್ಮನವಿ 2005ರಲ್ಲಿ ಹೋಯಿತು. ಮನೆಯವರೆಲ್ಲರ ಒತ್ತಾಯಕ್ಕೆ ಮಂಗಳೂರಿನಲ್ಲಿ ಎಂಆರ್‌ಐ ಮಾಡಿಸಿ, ನರರೋಗ ತಜ್ಞರಿಂದ ಒಂದು ಪುಟದ ಅಭಿಪ್ರಾಯವನ್ನು ಬರೆಸಿ ಲಗತ್ತಿಸಿದ್ದೆ. ಓಡಾಟವೂ ಸೇರಿ ಇಪ್ಪತ್ತು ಸಾವಿರದ ಹತ್ತಿರ ಹೋಗಿರಬೇಕು. ಕೆಲಸದ ಒತ್ತಡ ಮತ್ತು ನಿದ್ದೆಗೇಡಿನಿಂದ ಬಂದಿರಬಹುದು ಎಂದು ಆ ತಜ್ಞರು ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದರು. ತಿಂಗಳುಗಟ್ಟಲೆ ಕಾದ ಮೇಲೆ ನಾಲ್ಕು ಸಾಲಿನ ತಿರಸ್ಕಾರ ಬಂತು. ಎರಡನೆಯ ಮೇಲ್ಮನವಿಯ ಗತಿಯೂ ಅಷ್ಟೇ. ಹೊರಗಿನ ಡಾಕ್ಟರರ ಕಾಗದ ಹೇಳುವುದು ಇಂದಿನ ತಲೆಯ ಸ್ಥಿತಿಯನ್ನು. ಕಚೇರಿಯ ಮುಂದಿರುವ ಪ್ರಶ್ನೆ ಭರ್ತಿಯಾದ ದಿನ ನೀನು ಹೇಗಿದ್ದೆ, ಬಿಡುಗಡೆಯಾದ ದಿನ ಹೇಗಿದ್ದೆ ಎಂಬುದು. ಈ ಎರಡು ದಿನಗಳ ನಡುವೆ ನಡೆದುದಕ್ಕೆ ಸಾಕ್ಷಿ ಹೇಳಬಲ್ಲ ಕಾಗದ ಸೇನೆಯ ಬಳಿ ಮಾತ್ರ ಇರುತ್ತದೆ.

ಆ ಬಳಿಕ ಕೆಲವು ವರ್ಷ ಈ ವಿಷಯವನ್ನೇ ಬಿಟ್ಟಿದ್ದೆ. 2014ರಲ್ಲಿ ಶಿವಮೊಗ್ಗದಲ್ಲಿ ಮಾಜಿ ಸೈನಿಕರ ಸಭೆಯೊಂದಕ್ಕೆ ಹೋದಾಗ, ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಜುಲೈನಲ್ಲಿ ಕೊಟ್ಟ ತೀರ್ಪಿನ ಬಗ್ಗೆ ಯಾರೋ ಹೇಳಿದರು. ಅವರೂ ಸಿಪಾಯಿ, ಸೇವೆ ಸುಮಾರು ಒಂಬತ್ತು ವರ್ಷ, ಕಾಯಿಲೆ ಮೂರ್ಛೆ, ಅಂಗವೈಕಲ್ಯ ಶೇ. 20. ಹೆಸರು, ಊರು ಬಿಟ್ಟರೆ ಅದು ನನ್ನದೇ ಕೇಸು. ಭರ್ತಿಯ ವೇಳೆಯ ತಪಾಸಣೆಯಲ್ಲಿ ಕಾಯಿಲೆಯ ಉಲ್ಲೇಖವಿಲ್ಲದಿದ್ದರೆ ಅದು ಸೇವೆಯಲ್ಲೇ ಬಂದದ್ದೆಂದು ಭಾವಿಸಬೇಕು. ಹಾಗಲ್ಲವೆಂದು ಸಾಧಿಸುವ ಹೊಣೆ ಸೇನೆಯದು, ಸೈನಿಕನದಲ್ಲ. ಭರ್ತಿಯ ತಪಾಸಣೆಯಲ್ಲಿ ಗುರುತಿಸಲು ಸಾಧ್ಯವಿರಲಿಲ್ಲವೆಂದು ಬೋರ್ಡು ಹೇಳುವುದಾದರೆ ಅದಕ್ಕೆ ಕಾರಣವನ್ನು ಬರೆಯಬೇಕು. ತೀರ್ಪಿನ ಸಾರ ಇಷ್ಟು. ಇದನ್ನು ಎಲ್ಲರೂ ಕೋರ್ಟಿನಲ್ಲಿ ಓದಿ ಹೇಳುತ್ತಾರೆ. ಆದರೆ ತಮ್ಮ ಬೋರ್ಡಿನ ಪೂರ್ತಿ ಕಾಗದವನ್ನು ಕೈಯಲ್ಲಿಟ್ಟುಕೊಂಡು ಹೇಳುವವರು ಕಡಿಮೆ, ಏಕೆಂದರೆ ಅದನ್ನು ತರಿಸುವುದೇ ದೊಡ್ಡ ಕೆಲಸ.

ಆರ್‌ಟಿಐ ಅರ್ಜಿಗೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್, ಪುಟಕ್ಕೆ ಎರಡು ರೂಪಾಯಿ, ಖರ್ಚು ಅಷ್ಟೇ. ನಾನು ಒಂದು ಪ್ರಯೋಗ ಮಾಡಿದೆ: ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ದಾಖಲೆ ಕಚೇರಿಗೂ, ಬೋರ್ಡು ನಡೆದ ಆಸ್ಪತ್ರೆಗೂ, ಪಿಂಚಣಿ ಲೆಕ್ಕದ ಕಚೇರಿಗೂ ಒಂದೇ ವಾರದಲ್ಲಿ ಕಳಿಸಿದೆ. ಒಂದು ಕಡೆಯಿಂದ ಕಾಗದ ನಾಶಪಡಿಸಲಾಗಿದೆ ಎಂದು ಉತ್ತರ ಬಂತು, ಇನ್ನೊಂದು ಕಡೆಯಿಂದ ಅರ್ಜಿಯನ್ನು ವರ್ಗಾಯಿಸಿದ್ದೇವೆ ಎಂದು ಬಂತು, ಮೂರನೆಯದು ಸುಮ್ಮನಿತ್ತು. ಪಿಂಚಣಿ ಇಲ್ಲದೆ ಬಂದವರ ಸೇವಾ ಕಾಗದಗಳನ್ನು 25 ವರ್ಷ ಇಟ್ಟುಕೊಳ್ಳಬೇಕೆಂಬುದು ಸೇನೆಯದೇ ನಿಯಮ. ನಾನು ಬಂದು ಆಗ ಹತ್ತೇ ವರ್ಷವಾಗಿತ್ತು. ವರ್ಗಾವಣೆಯ ಪತ್ರವನ್ನೂ ಈ ನಿಯಮವನ್ನೂ ಜೋಡಿಸಿ ಆರ್‌ಟಿಐ ಕಾಯ್ದೆಯ ಮೊದಲ ಮೇಲ್ಮನವಿ ಹಾಕಿದ ಮೇಲೆ ‘ನಾಶವಾದ’ ಕಾಗದ ಸಿಕ್ಕಿತು, ದೃಢೀಕರಿಸಿದ ಪ್ರತಿಯೂ ಬಂತು. ಅರ್ಜಿಯಲ್ಲಿ ಕಾಗದವನ್ನು ಯಾವ ಹೆಸರಿನಿಂದ, ಯಾವ ಕ್ರಮದಲ್ಲಿ ಕೇಳಿದರೆ ಗುಮಾಸ್ತರು ತಪ್ಪಿಸಿಕೊಳ್ಳಲಾರರು ಎಂಬುದು ನನಗೆ ಗೊತ್ತಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಮುಂದಿನವರಿಗೆ ಆ ದಾರಿಯೂ ಮುಚ್ಚುತ್ತದೆ. 25 ವರ್ಷ ಸಮೀಪಿಸುತ್ತಿರುವವರು ಮಾತ್ರ ಈ ತಿಂಗಳೇ ಅರ್ಜಿ ಹಾಕುವುದು ಒಳ್ಳೆಯದು.

ಕಚೇರಿಯ ಪ್ರತಿ ಬರುವ ಮೊದಲು ನನ್ನ ಕೈಯಲ್ಲಿದ್ದದ್ದು ಡಿಸ್ಚಾರ್ಜ್ ಬುಕ್ ಮತ್ತು ಮಸುಕಾದ ಕೆಲವು ಕಾರ್ಬನ್ ಪ್ರತಿಗಳು ಮಾತ್ರ. ನಮ್ಮ ಮಳೆಗಾಲದಲ್ಲಿ ಬೀರುವಿನಲ್ಲಿಟ್ಟ ಕಾಗದಕ್ಕೆ ಬೂಷ್ಟು ಹಿಡಿಯದೆ ಇರುವುದಿಲ್ಲ. ಅಮ್ಮ ಅವನ್ನೆಲ್ಲ ಟ್ರಂಕಿನಲ್ಲಿ ಹಾಕಿ ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದರಿಂದ ಹೊಗೆಯ ಬಣ್ಣ ಹತ್ತಿದರೂ ಅಕ್ಷರ ಉಳಿದಿತ್ತು. ನೇರಳೆ ಕಾರ್ಬನ್ ಅಕ್ಷರ ಜೆರಾಕ್ಸಿನಲ್ಲಿ ಮೂಡುವುದಿಲ್ಲ. ಮೋಡದ ದಿನ ಜಗಲಿಯಲ್ಲಿಟ್ಟು, ಫ್ಲ್ಯಾಶ್ ಇಲ್ಲದೆ ಮೊಬೈಲಿನಲ್ಲಿ ಫೋಟೋ ತೆಗೆದು ಮುದ್ರಿಸಿದರೆ ಓದುವಷ್ಟು ಬರುತ್ತದೆ. ಬಿಸಿಲಿನಲ್ಲಿ ತೆಗೆದವು ಒಂದೂ ಸರಿಬರಲಿಲ್ಲ.

ಕೊನೆಗೆ ಬಂದ ಬೋರ್ಡಿನ ನಡಾವಳಿಯನ್ನು, ಅಂದರೆ ಎಎಫ್‌ಎಂಎಸ್‌ಎಫ್-16 ನಮೂನೆಯನ್ನು, ಸಾಲು ಸಾಲಾಗಿ ಓದಲು ಒಂದು ಇಡೀ ದಿನ ಹಿಡಿಯಿತು. ಸೇವೆಗೆ ಸೇರುವ ಮೊದಲೇ ಈ ಅಂಗವೈಕಲ್ಯ ಇತ್ತೇ ಎಂಬ ಪ್ರಶ್ನೆಯ ಮುಂದೆ ಟೈಪ್‌ರೈಟರಿನಲ್ಲಿ ‘ಇಲ್ಲ’ ಎಂದಿತ್ತು. ಇದ್ದಿದ್ದರೆ ಭರ್ತಿಯ ತಪಾಸಣೆಯಲ್ಲಿ ಅದು ಕಾಣದೆ ಇರಬಹುದಿತ್ತೇ ಎಂಬ ಮುಂದಿನ ಪ್ರಶ್ನೆಗೆ ಬರೀ ಒಂದು ಅಡ್ಡಗೆರೆ ಎಳೆದಿದ್ದರು. ಅಭಿಪ್ರಾಯದ ಭಾಗಕ್ಕೆ ಬಂದರೆ ಸೇವೆಯಿಂದ ಬಂದದ್ದಲ್ಲ, ಉಲ್ಬಣಿಸಿದ್ದಲ್ಲ, ಶರೀರ ಪ್ರಕೃತಿಯ ದೋಷ ಎಂದು ಷರಾ. ಅದಕ್ಕೆ ಆಧಾರ ಒಂದು ಪದವೂ ಇಲ್ಲ. ಅದೇ ನಮೂನೆಯಲ್ಲಿ ನಮ್ಮ ಕಮಾಂಡಿಂಗ್ ಆಫೀಸರ್ ತುಂಬಿದ ಭಾಗದಲ್ಲಿ ನಾನು ಗಡಿಯಲ್ಲಿ ರಾತ್ರಿ ಪಾಳಿಯಲ್ಲಿದ್ದೆನೆಂದು ಸ್ಪಷ್ಟವಾಗಿ ಬರೆದಿತ್ತು. ಮೇಲ್ಮನವಿ ಸಮಿತಿಗಳ ಎರಡೂ ತಿರಸ್ಕಾರ ಪತ್ರಗಳಲ್ಲಿ ಈ ಭಾಗದ ಮಾತೇ ಇರಲಿಲ್ಲ. ಭರ್ತಿಯ ವೇಳೆಯ ನಮೂನೆ, ಬೋರ್ಡಿನ ಈ ಎರಡು ಪುಟ, ಪೋಸ್ಟಿಂಗುಗಳ ಪಟ್ಟಿ: ನನ್ನ ಕೇಸು ನಿಂತದ್ದು ಈ ಮೂರರ ಮೇಲೆ. ಪೋಸ್ಟಿಂಗ್ ಪಟ್ಟಿಯನ್ನು ಹಾಗೆಯೇ ಕೊಡದೆ ತಾರೀಖು, ಜಾಗ, ಪೀಸ್ (ಶಾಂತಿಯ ಠಾಣೆ) ಅಥವಾ ಫೀಲ್ಡ್ (ಗಡಿಯಂಥ ಕಾರ್ಯಾಚರಣೆಯ ಜಾಗ), ಆಸ್ಪತ್ರೆಗೆ ಸೇರಿದ ದಿನ ಎಂದು ಒಂದೇ ಪುಟದ ಕೋಷ್ಟಕ ಮಾಡಿದೆ. ಮೊದಲ ಮೂರ್ಛೆಗೆ ಮುಂಚೆ ಎಷ್ಟು ತಿಂಗಳು ಬಿಡುವಿಲ್ಲದೆ ಫೀಲ್ಡ್‌ನಲ್ಲಿದ್ದೆ ಎಂಬುದು ಆ ಪುಟದಲ್ಲಿ ಕಣ್ಣಿಗೆ ಹೊಡೆಯುವಂತಿತ್ತು.

ವಕೀಲರ ವಿಷಯಕ್ಕೆ ಬರೋಣ. ಬೆಂಗಳೂರಿನ ಒಬ್ಬರು ಬಾಕಿಯ ದುಡ್ಡಿನಲ್ಲಿ ಕಾಲು ಭಾಗ ಕೇಳಿದರು. ಗೆಲುವಿನ ಪಾಲನ್ನು ಫೀಸಾಗಿ ಕೇಳುವುದು ಬಾರ್ ಕೌನ್ಸಿಲ್ ನಿಯಮಕ್ಕೇ ವಿರುದ್ಧವೆಂದು ಹೇಳಿ ಎದ್ದು ಬಂದೆ. ಕರ್ನಾಟಕದವರ ಅರ್ಜಿ ಹೋಗುವುದು ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಕೊಚ್ಚಿ ಪೀಠಕ್ಕೆ, ಹಾಗಾಗಿ ಅಲ್ಲಿಯವರನ್ನೇ ಹಿಡಿದೆ. ಒಟ್ಟು ಮೂವತ್ತೈದು ಸಾವಿರದ ಆಸುಪಾಸು, ಕಂತುಗಳಲ್ಲಿ. ಬೆಂಗಳೂರು ಸುತ್ತಿ ಹೋಗುವ ಅಗತ್ಯವೂ ನಮ್ಮ ಕಡೆಯವರಿಗಿಲ್ಲ: ಬಾಳೆಬರೆ ಘಾಟಿ ಇಳಿದು ಕುಂದಾಪುರದಲ್ಲಿ ರೈಲು ಹತ್ತಿದರೆ ನೇರ ಕೊಚ್ಚಿಯ ಎರ್ನಾಕುಲಂ. ಅರ್ಜಿಯ ಸಂಗತಿಗಳ ಭಾಗವನ್ನು ನಾನೇ ಕನ್ನಡದಲ್ಲಿ ಬರೆದು, ನಿವೃತ್ತ ಇಂಗ್ಲಿಷ್ ಮೇಷ್ಟರೊಬ್ಬರಿಂದ ಅನುವಾದಿಸಿ ಕೊಟ್ಟೆ. ವಕೀಲರು ಕಾನೂನಿನ ಪ್ಯಾರಾಗಳನ್ನು ಸೇರಿಸಿದರೇ ಹೊರತು ನನ್ನ ಪುಟಗಳಲ್ಲಿ ಹೆಚ್ಚೇನನ್ನೂ ತಿದ್ದಲಿಲ್ಲ. ಅವರ ಕಚೇರಿಯಲ್ಲಿ ಈಗಲೂ ಅದನ್ನು ಮಾದರಿಯಾಗಿ ಇಟ್ಟುಕೊಂಡಿದ್ದಾರೆಂದು ಕೇಳಿದ್ದೇನೆ.

ವಿಳಂಬದ ಪ್ರಶ್ನೆಗೆ ಹೆದರಿ ಸುಮ್ಮನಿರುವವರು ಬಹಳ. ನ್ಯಾಯಮಂಡಳಿಯ ಕಾಯ್ದೆಯ 22ನೆಯ ಕಲಮಿನಲ್ಲಿ ಆರು ತಿಂಗಳೆಂದಿದೆ ನಿಜ. ಆದರೆ ಪಿಂಚಣಿ ತಿಂಗಳು ತಿಂಗಳೂ ತಪ್ಪುವ ಹಕ್ಕು, ಆದ್ದರಿಂದ ಅದು ಮುಂದುವರಿಯುವ ಅನ್ಯಾಯ ಎಂದು ತರ್ಸೇಮ್ ಸಿಂಗ್ ಪ್ರಕರಣದಲ್ಲಿ 2008ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅದೇ ತೀರ್ಪಿನ ಇನ್ನೊಂದು ಮುಖವನ್ನೂ ನೋಡಬೇಕು: ತಡವಾಗಿ ಬಂದವರಿಗೆ ಬಾಕಿ ಸಿಗುವುದು ಅರ್ಜಿ ಹಾಕಿದ ದಿನಕ್ಕೆ ಹಿಂದಿನ ಮೂರು ವರ್ಷದ್ದು ಮಾತ್ರ. ನಾನು ಅರ್ಜಿ ಹಾಕಿದ್ದು 2015ರಲ್ಲಿ, ಹಾಗಾಗಿ 2004ರಿಂದ 2012ರವರೆಗಿನದು ಹೋಯಿತು. ಯೋಚಿಸುತ್ತ ಕೂತ ಪ್ರತಿ ತಿಂಗಳಿಗೂ ಹಿಂದಿನ ಒಂದು ತಿಂಗಳ ಬಾಕಿ ಕರಗುತ್ತದೆ.

ವಿಚಾರಣೆಯಲ್ಲಿ ಸರ್ಕಾರದ ವಕೀಲರು ಬೋರ್ಡು ತಜ್ಞರ ಸಮಿತಿ, ಅದರ ಅಭಿಪ್ರಾಯಕ್ಕೆ ಕೈಹಾಕಬಾರದು ಎಂದು ವಾದಿಸಿದರು. ಪೀಠ ಕೇಳಿದ್ದು ಒಂದೇ ಮಾತು: ಕಾರಣ ಯಾವ ಪುಟದಲ್ಲಿದೆ? ಪುಟ ತಿರುವಿದರು, ಇರಲಿಲ್ಲ. 2017ರಲ್ಲಿ ಆದೇಶ ಬಂತು: ಕಾಯಿಲೆಯನ್ನು ಸೇವೆಗೆ ಸಂಬಂಧಿಸಿದ್ದೆಂದು ಪರಿಗಣಿಸಬೇಕು, ಶೇ. 20 ಅನ್ನು ಶೇ. 50ಕ್ಕೆ ಏರಿಸಬೇಕು, ಮೂರು ವರ್ಷದ ಬಾಕಿ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಬೇಕು. ಶೇ. 50ಕ್ಕಿಂತ ಕಡಿಮೆ ಇದ್ದದ್ದನ್ನು 50ಕ್ಕೆ ಏರಿಸುವ ಸೌಲಭ್ಯ ಬೋರ್ಡ್ ಔಟ್ ಆದವರಿಗೆ 31-1-2001ರ ರಕ್ಷಣಾ ಸಚಿವಾಲಯದ ಪತ್ರದಲ್ಲೇ ಇದೆ. ಕೆಳ ಕೆಟಗರಿಯಲ್ಲಿದ್ದು ಅವಧಿ ಮುಗಿಸಿ ಬಂದವರಿಗೂ ಅದು ಸಲ್ಲುತ್ತದೆಂದು ರಾಮ್ ಅವತಾರ್ ಪ್ರಕರಣದಲ್ಲಿ 2014ರ ಡಿಸೆಂಬರಿನಲ್ಲಿ ತೀರ್ಮಾನವಾಯಿತು.

ಆದೇಶ ಕೈಗೆ ಬಂದ ಮೇಲೂ ದುಡ್ಡು ಬರಲಿಲ್ಲ. ಸರ್ಕಾರದವರು ಸುಪ್ರೀಂ ಕೋರ್ಟಿಗೆ ಹೋಗುತ್ತೇವೆ ಎಂದು ಅನುಮತಿ ಕೇಳಿದರು, ಸಿಗಲಿಲ್ಲ, ಆಮೇಲೆ ಸುಮ್ಮನಾದರು. ಜಾರಿ ಅರ್ಜಿ ಹಾಕಿದ ಮೇಲೆ 2018ರಲ್ಲಿ ಪಿಪಿಓ, ಅಂದರೆ ಪಿಂಚಣಿ ಪಾವತಿಯ ಆದೇಶ ಬಂತು, ಅದರಲ್ಲಿ ಶೇ. 20 ಎಂದೇ ಇತ್ತು! ಆದೇಶದ ಪ್ಯಾರಾವನ್ನು ಉಲ್ಲೇಖಿಸಿ ಪತ್ರ ಬರೆದು, ತಿದ್ದುಪಡಿಯ ಪಿಪಿಓ ತರಿಸಲು ಮತ್ತೆ ಕೆಲವು ತಿಂಗಳು ಹಿಡಿಯಿತು. ಬಾಕಿಯನ್ನು ನಾನು ಮೊದಲೇ ಮಗಳ ಕಂಪ್ಯೂಟರಿನಲ್ಲಿ ತಿಂಗಳುವಾರು ಲೆಕ್ಕ ಹಾಕಿಟ್ಟಿದ್ದೆ. ಬ್ಯಾಂಕಿನವರು ಜಮಾ ಮಾಡಿದ್ದಕ್ಕೂ ಅದಕ್ಕೂ ನಲವತ್ತು ಸಾವಿರದಷ್ಟು ವ್ಯತ್ಯಾಸ ಬಂತು; ಒಂದು ಅವಧಿಯ ತುಟ್ಟಿಭತ್ಯೆ ಬಿಟ್ಟುಹೋಗಿತ್ತು. ಅದೂ ಸೇರಿ ಒಟ್ಟು ಏಳೂವರೆ ಲಕ್ಷದ ಹತ್ತಿರ ಕೈಸೇರಿತು. ಮೊದಲಿನ ಎಂಆರ್‌ಐಯಿಂದ ಹಿಡಿದು ನನ್ನ ಒಟ್ಟು ಖರ್ಚು ಎಂಬತ್ತು ಸಾವಿರ ದಾಟಿರಲಾರದು. ಬೋರ್ಡ್ ಔಟ್ ಆದವರ ಅಂಗವೈಕಲ್ಯ ಪಿಂಚಣಿಗೆ ಆದಾಯ ತೆರಿಗೆ ಇಲ್ಲ ಎಂಬುದನ್ನೂ ಬ್ಯಾಂಕಿಗೆ ಸುತ್ತೋಲೆ ತೋರಿಸಿಯೇ ಒಪ್ಪಿಸಬೇಕಾಯಿತು.

ಇದೇ ಹಾದಿ ಎಲ್ಲರಿಗೂ ನಡೆಯುವುದಿಲ್ಲ. 1-1-2008ರಿಂದ ಈಚೆಗೆ ಸೇವೆ ಬಿಟ್ಟು ಬಂದವರಿಗೆ ಹಕ್ಕಿನ ನಿಯಮಗಳು ಬದಲಾಗಿವೆ, 21-9-2023ರಿಂದ ಮತ್ತೆ ಹೊಸ ನಿಯಮಗಳಿವೆ. ಅವರು ತಮ್ಮ ತಾರೀಖಿನ ನಿಯಮವನ್ನು ಇಟ್ಟುಕೊಂಡೇ ಶುರುಮಾಡಬೇಕು. ಮಾನಸಿಕ ಕಾಯಿಲೆಯ ಕೇಸುಗಳಲ್ಲಿ ಭರ್ತಿಯ ನಮೂನೆ ಖಾಲಿ ಇದೆಯೆಂಬುದಷ್ಟೇ ಸಾಲದೆಂದು 2019ರಲ್ಲಿ ನರಸಿಂಗ್ ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇನ್ನು ಇನ್ವ್ಯಾಲಿಡಿಂಗ್ ಬೋರ್ಡನ್ನೇ (ಬೋರ್ಡ್ ಔಟ್ ಮಾಡುವ ಮೊದಲು ನಡೆಸಬೇಕಾದ ವೈದ್ಯಕೀಯ ಬೋರ್ಡು) ನಡೆಸದೆ, ಕೆಳ ಕೆಟಗರಿಯವರಿಗೆ ಕೆಲಸವಿಲ್ಲವೆಂದು ಕಳಿಸಿದವರದು ಬೇರೆಯೇ ಕೇಸು: ಅವರು ಪಿಂಚಣಿಗಿಂತ ಮೊದಲು ಬಿಡುಗಡೆಯ ಆದೇಶವನ್ನೇ ಪ್ರಶ್ನಿಸಬಹುದು, 2008ರ ರಾಜ್‌ಪಾಲ್ ಸಿಂಗ್ ತೀರ್ಪು ಅವರ ಕಡೆಗಿದೆ. ತೀರ್ಥಹಳ್ಳಿ ಕಡೆಯ ನನ್ನ ಬ್ಯಾಚಿನ ಗೆಳೆಯನೊಬ್ಬನದು ಇದೇ ಬಗೆಯದು. ಅವನ ಬಿಡುಗಡೆಯ ಕಾಗದಕ್ಕಾಗಿ ಹಾಕಿದ ಆರ್‌ಟಿಐ ಅರ್ಜಿಗೆ ಮೂವತ್ತು ದಿನ ಕಳೆದರೂ ಉತ್ತರವಿಲ್ಲ, ಮೇಲ್ಮನವಿಯ ಕರಡು ತಯಾರಾಗಿದೆ, ಸೋಮವಾರ ಅಂಚೆಯಲ್ಲಿ ಕಳಿಸುತ್ತೇವೆ.